ಮೇಲ್‌ನ ಬ್ಯಾಕಪ್ ಪ್ರತಿಗೆ ವೈರಸ್ ತಪಾಸಣೆ ಬೇಡವೇ?

“ಬ್ಯಾಕಪ್ ಪ್ರತಿಯನ್ನು ಯಾರೂ ತೆರೆಯುವುದಿಲ್ಲ, ಅದಕ್ಕೆ ತಪಾಸಣೆ ಬಿಟ್ಟರೆ ಸರ್ವರ್‌ಗೆ ಕೆಲಸ ಕಡಿಮೆ” ಎಂದು ಹಲವರು ನಂಬುತ್ತಾರೆ. ಇದು ತಪ್ಪು.

1905ರಲ್ಲೇ ಸಹಕಾರ ಸಂಘ ಕಂಡ ಕಣಗಿನಹಾಳ ಇರುವುದು ಗದಗ ತಾಲ್ಲೂಕಿನಲ್ಲಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸಂಘ, ಕಚೇರಿಗಳಿಗೆ ಆವಕ-ಜಾವಕ ಪುಸ್ತಕ ಹೊಸದಲ್ಲ. ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್‌ನಲ್ಲಿ ಆ ಕೆಲಸವನ್ನು ‘ಆಲ್ವೇಸ್ ಬಿಸಿಸಿ’ ಎಂಬ ಸೆಟ್ಟಿಂಗ್ ಮಾಡುತ್ತದೆ: ಬರುವ, ಹೋಗುವ ಪ್ರತಿ ಮೇಲ್‌ಗೂ ಬ್ಯಾಕಪ್ ವಿಳಾಸವನ್ನು ಗುಟ್ಟಾಗಿ ಸೇರಿಸುತ್ತದೆ.

ಅಲ್ಲಿಗೆ ಆ ವಿಳಾಸವೂ ಇನ್ನೊಬ್ಬ ಸ್ವೀಕೃತಿದಾರನಾಯಿತು. ವೈರಸ್ ಸೋಸುವ ಅಮಾವಿಸ್ ತಂತ್ರಾಂಶ ಮೇಲ್‌ನ ಒಳಗನ್ನು ಒಮ್ಮೆ ಪರೀಕ್ಷಿಸುತ್ತದೆ, ಆದರೆ ಯಾರಿಗೆ ಕೊಡಬೇಕು ಎಂಬುದನ್ನು ಒಬ್ಬೊಬ್ಬರಿಗೂ ಬೇರೆಯಾಗಿ ತೀರ್ಮಾನಿಸಬಲ್ಲದು. ಬ್ಯಾಕಪ್‌ಗೆ ಮಾತ್ರ ‘ಬೈಪಾಸ್’ ಕೊಟ್ಟರೂ ಉಳಿದವರಿಗಾಗಿ ಪರೀಕ್ಷೆ ನಡೆದೇ ನಡೆಯುತ್ತದೆ. ಉಳಿತಾಯವೆಲ್ಲಿ?

ನಿಜವಾದ ತೊಡಕು ಪ್ರತಿ ಸೇರುವ ಜಾಗದಲ್ಲಿದೆ. ಸೋಸಿದ ಮೇಲ್ ಮತ್ತೆ ಪೋಸ್ಟ್‌ಫಿಕ್ಸ್‌ಗೇ ಮರಳುವುದರಿಂದ ಪ್ರತಿ ಎರಡು ಸಲ ಸೇರಿ, ಬ್ಯಾಕಪ್ ಪೆಟ್ಟಿಗೆಯಲ್ಲಿ ಒಂದೇ ಮೇಲ್ ಎರಡಾಗಬಹುದು. ಎರಡು ಬಾಗಿಲುಗಳಲ್ಲಿ ಒಂದಕ್ಕೆ ‘ನೋ ಅಡ್ರೆಸ್ ಮ್ಯಾಪಿಂಗ್ಸ್’ ಕೊಡಬೇಕು. ಯಾವುದಕ್ಕೆ? ಒಳಬರುವ ಬಾಗಿಲಿಗೆ ಕೊಟ್ಟರೆ ಪ್ರತಿ ಸೋಸಿದ ಮೇಲೆ ಸೇರುತ್ತದೆ, ತಡೆಹಿಡಿದ ಮೇಲ್‌ನ ಗುರುತೇ ಬ್ಯಾಕಪ್‌ನಲ್ಲಿ ಇರುವುದಿಲ್ಲ. ಮರಳುವ ಬಾಗಿಲಿಗೆ ಕೊಟ್ಟರೆ ಪ್ರತಿ ಮೊದಲೇ ಸೇರುತ್ತದೆ. ಆಗ ಬ್ಯಾಕಪ್ ವಿಳಾಸವನ್ನು ‘ವೈರಸ್ ಲವರ್’ ಪಟ್ಟಿಗೆ ಹಾಕಿದರೆ (ಹೆಸರು ತಮಾಷೆಯಾಗಿದೆ, ಕೆಲಸ ಗಂಭೀರ) ವೈರಸ್ ಇದೆಯೆಂದು ಗೊತ್ತಾದ ಮೇಲೂ ಆ ಪ್ರತಿ ತಲುಪುತ್ತದೆ.

ನನ್ನ ಮಟ್ಟಿಗೆ ಸಣ್ಣ ಕಚೇರಿಗೆ ಮೊದಲನೆಯದೇ ಸಾಕು. ತಡೆಹಿಡಿದದ್ದು ಅಮಾವಿಸ್‌ನ ಕ್ವಾರಂಟೈನ್‌ನಲ್ಲಿ ಇರಲಿ. ಲೆಕ್ಕ ತಪಾಸಣೆಗೆ ಎಲ್ಲವೂ ಬೇಕೆನ್ನುವವರು ಎರಡನೆಯದನ್ನು ಆರಿಸಬಹುದು, ಆದರೆ ಆ ಪೆಟ್ಟಿಗೆಯನ್ನು ದಿನಬಳಕೆಯ ಕಂಪ್ಯೂಟರ್‌ನಲ್ಲಿ ತೆರೆಯಬಾರದು. ಹಳೆಯ ಮೇಲ್ ಮರಳಿ ಪಡೆಯುವಾಗ ಮತ್ತೊಮ್ಮೆ ಸ್ಕ್ಯಾನ್ ಮಾಡಬೇಕು. ಅಂದು ಗುರುತಿಗೆ ಸಿಗದ ವೈರಸ್ ಇಂದು ಸಿಕ್ಕೀತು.

ಇನ್ನೊಂದು ಮಾತು. ಬ್ಯಾಕಪ್ ಪೆಟ್ಟಿಗೆ ತುಂಬಿ ಮೇಲ್ ಹಿಂತಿರುಗಿದರೆ ಆ ಸೂಚನೆ ಹೋಗುವುದು ಮೂಲ ಕಳುಹಿಸಿದವರಿಗೆ. ಗುಟ್ಟಿನ ವಿಳಾಸ ಅಲ್ಲಿಗೆ ಬಯಲು.

ಪರೀಕ್ಷಿಸಲು ನಿಜ ವೈರಸ್ ಬೇಕಿಲ್ಲ. 68 ಅಕ್ಷರಗಳ ‘ಐಕಾರ್’ ಎಂಬ ನಿರಪಾಯ ಕಡತವನ್ನು ಹೊರಗಿನ ಖಾತೆಯಿಂದ ಕಳುಹಿಸಿ, ಬ್ಯಾಕಪ್‌ಗೆ ಎಷ್ಟು ಪ್ರತಿ ಬಂತು ಎಂದು ಎಣಿಸಿ.