ಕಾಲಿಗೆ ಸಾವಿರ ರೂಪಾಯಿ

1864ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಖಜಾನೆಗಳಲ್ಲಿ ಒಂದು ಸವರನ್ ಚಿನ್ನದ ನಾಣ್ಯವನ್ನು 10 ರೂಪಾಯಿ ಲೆಕ್ಕದಲ್ಲಿ ತೆಗೆದುಕೊಳ್ಳೋಕೆ ಶುರು ಮಾಡ್ತು. ಅಂದ್ರೆ ಸಾವಿರ ರೂಪಾಯಿಗೆ 100 ಸವರನ್. ಒಂದು ಸವರನ್‌ನಲ್ಲಿ 7.32 ಗ್ರಾಂ ಅಪ್ಪಟ ಚಿನ್ನ ಇರುತ್ತೆ. ಒಟ್ಟು 732 ಗ್ರಾಂ, ಮುಕ್ಕಾಲು ಕೇಜಿಗೆ ಸ್ವಲ್ಪ ಕಡಿಮೆ. ಆ ಕಾಲದಲ್ಲಿ ಸಾವಿರ ರೂಪಾಯಿ ದಂಡ ಅಂದ್ರೆ ಮನೆ ಮಾರಬೇಕಾದ ಮಾತು.

ಚಿನ್ನದ ಲೆಕ್ಕ ಯಾಕಪ್ಪಾ ಅಂತೀರಾ? ಭಾರತೀಯ ದಂಡ ಸಂಹಿತೆಯ 338ನೇ ಕಲಂಗೋಸ್ಕರ. ದುಡುಕಿನಿಂದಲೋ ನಿರ್ಲಕ್ಷ್ಯದಿಂದಲೋ, ಇನ್ನೊಬ್ಬರ ಜೀವಕ್ಕೆ ಅಪಾಯವಾಗೋ ಹಾಗೆ ನಡೆದುಕೊಂಡು, ಯಾರಿಗಾದ್ರೂ ತೀವ್ರ ಗಾಯ ಮಾಡಿದ್ರೆ 2 ವರ್ಷದವರೆಗೆ ಜೈಲು, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು 1860ರಲ್ಲಿ ಬರೆದದ್ದು. 2024ರ ಜೂನ್ 30ರ ರಾತ್ರಿವರೆಗೂ ಆ ಸಾವಿರ ಸಾವಿರವಾಗೇ ಇತ್ತು.

ನಮ್ಮ ಕೆಲಸದಲ್ಲಿ ಹಳೇ ಕೋಡ್ ನೋಡೋವಾಗ ಇಂಥದ್ದು ಸಿಗುತ್ತೆ. ಯಾರೋ ಪುಣ್ಯಾತ್ಮ ಎಂದೋ ಒಂದು ಸಂಖ್ಯೆ ಬರೆದಿಟ್ಟಿರ್ತಾನೆ, ಅದು ಯಾಕಿದೆ ಅಂತ ಯಾರಿಗೂ ಗೊತ್ತಿರಲ್ಲ, ಮುಟ್ಟೋಕೆ ಎಲ್ಲರಿಗೂ ಭಯ. ಇದನ್ನೂ ಕೋಡ್ ಅಂತಲೇ ಕರೆದರಲ್ಲ, ಸರಿಯಾಗೇ ಇದೆ :)

ನನಗೆ ಈ ಕಲಂ ಪರಿಚಯ ಆಗಿದ್ದು ನಮ್ಮ ಬೀದಿಯ ಒಬ್ಬ ಆಟೋ ಚಾಲಕರಿಂದ. ನಾವೆಲ್ಲ ಅವರನ್ನ ಅಣ್ಣ ಅಂತಲೇ ಕರೆಯೋದು. 2021ರಲ್ಲಿ ರಾತ್ರಿ ಕೊನೇ ಬಾಡಿಗೆ ಮುಗಿಸಿ, ಆಟೋ ಪಕ್ಕಕ್ಕೆ ಹಾಕಿ ಟೀ ಕುಡೀತಾ ನಿಂತಿದ್ದಾಗ ಕಾರೊಂದು ಬಂದು ಗುದ್ದಿತು. ಓಡಿಸ್ತಿದ್ದವನು ಕುಡಿದಿದ್ದ. ಅಣ್ಣನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಕೇಸು ನಡೀತು, ಕಾರಿನವನು ತಪ್ಪೊಪ್ಪಿಕೊಂಡ. 279ನೇ ಕಲಂಗೆ ಸಾವಿರ, 338ಕ್ಕೆ ಸಾವಿರ, ಕುಡಿದು ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 185ರ ಅಡಿ 10,000. ಆದೇಶದ ಪ್ರತಿಯನ್ನ ಅಣ್ಣ ನನ್ನ ಕೈಗೆ ಕೊಟ್ಟು, "ಓದಿದೋನು ನೀನು, ಸರಿಯಾಗಿ ನೋಡಪ್ಪ, ಸೊನ್ನೆ ಬಿಟ್ಟುಹೋಗಿದೆಯಾ ಅಂತ" ಅಂದ್ರು. ಯಾವ ಸೊನ್ನೆಯೂ ಬಿಟ್ಟುಹೋಗಿರಲಿಲ್ಲ. ಕುಡಿತಕ್ಕೆ ಹತ್ತು ಸಾವಿರ, ಕಾಲಿಗೆ ಒಂದು ಸಾವಿರ. ಆ ದುಡ್ಡೂ ಹೋಗೋದು ಸರ್ಕಾರಕ್ಕೆ. ಪರಿಹಾರದ ಅರ್ಜಿ ಬೇರೆ, ಅದರ ನ್ಯಾಯಮಂಡಳಿ ಬೇರೆ, ಅದರ ಅಲೆದಾಟವೂ ಬೇರೆ.

ಅವತ್ತಿಂದ ಈ ಕಲಂಗಳು ಎಲ್ಲಿಂದ ಬಂದವು ಅಂತ ಹುಡುಕಿ ಹುಡುಕಿ ಓದಿದ್ದೇನೆ. ನಾನು ವಕೀಲನಲ್ಲ. ಆದ್ರೆ ಇತಿಹಾಸ ನಾನಂದುಕೊಂಡಿದ್ದಕ್ಕಿಂತ ವಿಚಿತ್ರವಾಗಿದೆ.

ಮೆಕಾಲೆಯ ಕಾನೂನು ಆಯೋಗ ದಂಡ ಸಂಹಿತೆಯ ಕರಡು ಕೊಟ್ಟಿದ್ದು 1837ರಲ್ಲಿ. ಅದು ಕಪಾಟಿನಲ್ಲೇ ಕೂತಿದ್ದು ಕಾನೂನಾದದ್ದು 1860ರ ಅಕ್ಟೋಬರ್ 6ರಂದು, ಜಾರಿಗೆ ಬಂದದ್ದು 1862ರ ಜನವರಿ 1ರಿಂದ. ಕಾರ್ಲ್ ಬೆಂಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ತಗೊಂಡದ್ದು 1886ರಲ್ಲಿ. ಅಂದ್ರೆ 279ನೇ ಕಲಂ ಸಾರ್ವಜನಿಕ ರಸ್ತೆಯಲ್ಲಿ ದುಡುಕಿನಿಂದ ಗಾಡಿ ಓಡಿಸುವವನ ಬಗ್ಗೆ, ಸವಾರಿ ಮಾಡುವವನ ಬಗ್ಗೆ ಮಾತಾಡುವಾಗ ಅದರ ಮುಂದೆ ಇದ್ದದ್ದು ಕುದುರೆ, ಸಾರೋಟು, ಎತ್ತಿನಗಾಡಿ. ಇವತ್ತು ಪೇಪರಿನಲ್ಲಿ ಬರೋ "ಅತಿವೇಗ ಹಾಗೂ ಅಜಾಗರೂಕತೆಯ ಚಾಲನೆ" ಅನ್ನೋ ಮಾತಿನ ಮುತ್ತಜ್ಜ ಅದು.

ಇನ್ನೊಂದು ವಿಷಯ ನೋಡಿ. 1860ರ ಸಂಹಿತೆಯಲ್ಲಿ ದುಡುಕಿನಿಂದ ಗಾಯ ಮಾಡಿದ್ದಕ್ಕೆ 337, 338 ಎರಡು ಕಲಂ ಇದ್ದವು. ದುಡುಕಿನಿಂದ ಸಾವು ಉಂಟುಮಾಡಿದ್ದಕ್ಕೆ ಪ್ರತ್ಯೇಕ ಕಲಂ ಇರಲೇ ಇಲ್ಲ! ಮೆಕಾಲೆಯ ಕರಡಿನಲ್ಲಿ ಇತ್ತು, ಕಾನೂನಾಗುವಾಗ ಬಿಟ್ಟುಹೋಯಿತು. ಅದನ್ನ 304ಎ ಅಂತ ಸೇರಿಸಿದ್ದು 1870ರಲ್ಲಿ. ಸೇರಿಸುವಾಗ ಇಟ್ಟ ಗರಿಷ್ಠ ಜೈಲು ಶಿಕ್ಷೆ ಎಷ್ಟು? 2 ವರ್ಷ, 338ರಷ್ಟೇ. ದಂಡಕ್ಕೆ ಮಾತ್ರ ಮಿತಿ ಇಡಲಿಲ್ಲ. ಅಂದ್ರೆ ನಿರ್ಲಕ್ಷ್ಯದಿಂದ ಒಬ್ಬನನ್ನ ಸಾಯಿಸೋದೂ, ಒಬ್ಬನ ಕಾಲೋ ಕಣ್ಣೋ ಕಳೆಯೋದೂ ಜೈಲಿನ ಲೆಕ್ಕದಲ್ಲಿ ಒಂದೇ ತಕ್ಕಡಿಯಲ್ಲಿದ್ದವು. ಎರಡೂ ಕಡೆ ಕಮ್ಮಿಯೇ ಇರಬಹುದು, ಆದ್ರೆ ಬದುಕಿ ಉಳಿದವನ ನೋವು ಅಗ್ಗ ಅಂತ ಆ ಹಳೇ ಸಂಹಿತೆ ಹೇಳಿರಲಿಲ್ಲ. ಗಾಯಾಳು ಹಿಂದೆ ಬಿದ್ದದ್ದು ಆಮೇಲೆ.

ತೀವ್ರ ಗಾಯ ಅಂದ್ರೆ ಯಾವುದು ಅಂತ 320ನೇ ಕಲಂ ಎಂಟು ಬಗೆ ಹೇಳುತ್ತೆ. ಕಣ್ಣು ಹೋಗೋದು, ಕಿವಿ ಹೋಗೋದು, ಅಂಗ ಅಥವಾ ಕೀಲು ಹೋಗೋದು, ಮುಖ ವಿಕಾರವಾಗೋದು, ಮೂಳೆ ಅಥವಾ ಹಲ್ಲು ಮುರಿಯೋದು ಹೀಗೆ. ಎಂಟನೆಯದು, ಜೀವಕ್ಕೆ ಅಪಾಯ ತರುವ ಅಥವಾ 20 ದಿನ ತೀವ್ರ ನೋವಿನಲ್ಲಿ ಇಡುವ, ದಿನದ ಕೆಲಸ ಮಾಡೋಕಾಗದಂತೆ ಮಾಡುವ ಗಾಯ. ಹಲ್ಲು ಮುರಿದವನೂ, ಪ್ರಜ್ಞೆ ಇಲ್ಲದೆ ವರ್ಷಗಟ್ಟಲೆ ಮಲಗಿದವನೂ ಒಂದೇ ಕಲಂನಲ್ಲಿ.

ಸರಿ, ಕುಡಿತ ಎಲ್ಲಿ? 279, 337, 338, 304ಎ ಯಾವುದರಲ್ಲೂ ಆ ಮಾತೇ ಇಲ್ಲ. ಕುಡಿದವನಿಗೆ ಅಂತ ಸಂಹಿತೆ ಕೊಟ್ಟದ್ದು 510ನೇ ಕಲಂ: ಸಾರ್ವಜನಿಕ ಜಾಗದಲ್ಲಿ ಅಮಲಿನಲ್ಲಿ ಕಿರಿಕಿರಿ ಮಾಡಿದ್ರೆ 24 ಗಂಟೆ ಸಾದಾ ಸಜೆ ಅಥವಾ 10 ರೂಪಾಯಿ ದಂಡ. ಆದ್ರೆ 86ನೇ ಕಲಂನಲ್ಲಿ ಒಂದು ಗಟ್ಟಿ ಮಾತಿದೆ. ತಾನಾಗಿಯೇ ಕುಡಿದವನಿಗೆ, ಕುಡಿಯದೇ ಇದ್ದಿದ್ರೆ ಏನು ಅರಿವು ಇರ್ತಿತ್ತೋ ಅದೇ ಅರಿವು ಇತ್ತು ಅಂತಲೇ ಕಾನೂನು ಭಾವಿಸುತ್ತೆ. "ಗೊತ್ತಾಗಲಿಲ್ಲ ಸ್ವಾಮಿ, ಅಮಲಿನಲ್ಲಿದ್ದೆ" ಅನ್ನೋದು ನಡೆಯಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಮಲಿನ ಚಾಲನೆಯ ಕಾನೂನು ಬೇರೆಯದೇ ದಾರಿಯಲ್ಲಿ ಬೆಳೀತು. ಇಂಗ್ಲೆಂಡಿನ 1872ರ ಲೈಸೆನ್ಸಿಂಗ್ ಕಾಯ್ದೆ ಗಾಡಿ, ಕುದುರೆ, ದನ ಅಥವಾ ಉಗಿಯಂತ್ರದ ಉಸ್ತುವಾರಿಯಲ್ಲಿ ಕುಡಿದಿದ್ದರೆ ಅಪರಾಧ ಅಂದಿತು. (ದನ ಹೊಡ್ಕೊಂಡು ಹೋಗೋವಾಗಲೂ ಕುಡೀಬಾರದು!) ನಮ್ಮಲ್ಲಿ 1939ರ ಮೋಟಾರು ವಾಹನ ಕಾಯ್ದೆ, ವಾಹನದ ಮೇಲೆ ಸರಿಯಾದ ಹಿಡಿತ ಇಡೋಕಾಗದಷ್ಟು ಅಮಲಿದ್ದರೆ ಮಾತ್ರ ತಪ್ಪು ಅಂತಿತ್ತು. "ಅಷ್ಟು" ಅಂದ್ರೆ ಎಷ್ಟು ಅಂತ ವಾದ ಮಾಡೋರಿಗೆ ಬಾಗಿಲು ತೆರೆದೇ ಇತ್ತು. 1988ರ ಹೊಸ ಕಾಯ್ದೆ ಇನ್ನೊಂದು ತುದಿಗೆ ಹೋಗಿ, ರಕ್ತದಲ್ಲಿ ಎಷ್ಟೇ ಸ್ವಲ್ಪ ಮದ್ಯ ಇದ್ದರೂ ಅಪರಾಧ ಅಂದಿತು. 1994ರ ತಿದ್ದುಪಡಿಯಲ್ಲಿ ಈಗಿನ ಮಿತಿ ಬಂತು, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅದೂ ಉಸಿರಿನ ಯಂತ್ರದಲ್ಲಿ ಕಾಣಬೇಕು. ಗುದ್ದಿ, ತಾನೂ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದವನನ್ನ ಉಸಿರು ಊದಿಸೋದು ಹೇಗೆ? ಪ್ರಯೋಗಾಲಯದ ಪರೀಕ್ಷೆಯೂ ಸೇರಿದಂತೆ ಬೇರೆ ಪರೀಕ್ಷೆಯೂ ಆಗಬಹುದು ಅನ್ನೋ ಮಾತು ಆ ಕಲಂಗೆ ಸೇರಿದ್ದು 2019ರಲ್ಲಿ. ಮೊದಲ ಸಲದ ದಂಡ 2,000ದಿಂದ 10,000ಕ್ಕೆ ಏರಿದ್ದೂ ಆಗಲೇ.

ಹೀಗೆ ಕುಡಿತಕ್ಕೆ ಒಂದು ಕಾಯ್ದೆ, ಗಾಯಕ್ಕೆ ಇನ್ನೊಂದು ಕಾಯ್ದೆ. ಕುಡಿದದ್ದರಿಂದಲೇ ಗಾಯ ಆಯಿತು ಅಂತ ಎರಡನ್ನೂ ಸೇರಿಸಿ ಹೇಳೋ ಕಲಂ ನಮ್ಮಲ್ಲಿ ಹುಟ್ಟಲೇ ಇಲ್ಲ. ಅಣ್ಣನ ಆದೇಶದಲ್ಲಿ ಹತ್ತು ಸಾವಿರ ಮತ್ತು ಒಂದು ಸಾವಿರ ಬೇರೆ ಬೇರೆ ಸಾಲಿನಲ್ಲಿ ಕೂತಿದ್ದು ಅದಕ್ಕೇ.

ಈಗ ಮುಂಬೈಗೆ ಬನ್ನಿ. 2006ರ ನವೆಂಬರ್ 12ರ ಬೆಳಗಿನ ಜಾವ, ಬಾಂದ್ರಾದ ಕಾರ್ಟರ್ ರೋಡ್. ರಸ್ತೆ ಕೆಲಸಕ್ಕೆ ಬಂದ ಕೂಲಿಯವರು ಫುಟ್‌ಪಾತಿನಲ್ಲಿ ಮಲಗಿದ್ದರು. ಟೊಯೋಟಾ ಕೊರೋಲಾ ಕಾರೊಂದು ಅವರ ಮೇಲೆ ಹತ್ತಿತು. 7 ಜನ ಸತ್ತರು, 8 ಜನ ಗಾಯಗೊಂಡರು. ಓಡಿಸುತ್ತಿದ್ದ ಅಲಿಸ್ಟರ್ ಪೆರೇರಾನ ರಕ್ತದಲ್ಲಿ ಮದ್ಯ ಶೇಕಡಾ 0.112, ಅಂದ್ರೆ ಕಾನೂನಿನ ಮಿತಿಯ ಮೂರೂವರೆ ಪಟ್ಟಿಗೂ ಜಾಸ್ತಿ.

2007ರ ಏಪ್ರಿಲ್‌ನಲ್ಲಿ ಸೆಷನ್ಸ್ ನ್ಯಾಯಾಲಯ ಸಾವುಗಳಿಗೆ 304ಎ ಅಡಿ 6 ತಿಂಗಳು ಸಾದಾ ಸಜೆ, ಜೊತೆಗೆ ದಂಡ ಹಾಕಿತು. ಗಾಯಗಳಿಗೆ 337ರ ಅಡಿ 15 ದಿನ. ಎರಡೂ ಒಟ್ಟಿಗೇ ಅನುಭವಿಸಬಹುದು, ಅಂದ್ರೆ ಆ 15 ದಿನ ಲೆಕ್ಕಕ್ಕೇ ಇಲ್ಲ. ಜನ ಸಿಟ್ಟಾದರು, ಬಾಂಬೆ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದೇ ಸೆಪ್ಟೆಂಬರ್‌ನಲ್ಲಿ 304ರ ಎರಡನೇ ಭಾಗ, ಅಂದ್ರೆ ಸಾವು ಆಗಬಹುದು ಅನ್ನೋ ಅರಿವಿದ್ದೂ ಮಾಡಿದ, ಕೊಲೆಯ ಮಟ್ಟಕ್ಕೆ ಬಾರದ ನರಹತ್ಯೆ ಅಂತ ತೀರ್ಮಾನಿಸಿ 3 ವರ್ಷ ಕಠಿಣ ಸಜೆ ಕೊಟ್ಟಿತು. 338ಕ್ಕೆ 1 ವರ್ಷ, 337ಕ್ಕೆ 6 ತಿಂಗಳು.

2012ರ ಜನವರಿ 12ರಂದು ಸುಪ್ರೀಂ ಕೋರ್ಟ್ ಇದನ್ನ ಎತ್ತಿಹಿಡಿಯಿತು. ಅಲ್ಲಿ ಬಂದ ಒಂದು ವಾದ ನನಗೆ ತುಂಬಾ ಮುಖ್ಯ ಅನಿಸಿತು. 304ರ ಎರಡನೇ ಭಾಗಕ್ಕೆ "ಅರಿವು" ಬೇಕು, 338ಕ್ಕೆ "ದುಡುಕು" ಸಾಕು. ಒಂದೇ ಕಾರು, ಒಂದೇ ಕ್ಷಣ, ಒಂದೇ ಕೃತ್ಯ. ಅದಕ್ಕೆ ಈ ಎರಡೂ ಆರೋಪ ಒಟ್ಟಿಗೆ ನಿಲ್ಲುತ್ತವಾ? ನಿಲ್ಲುತ್ತವೆ, ವಿರೋಧ ಏನಿಲ್ಲ ಅಂತು ಕೋರ್ಟು. ಕಾನೂನಿನ ದೃಷ್ಟಿಯಿಂದ ಸರಿಯೇ ಇರಬಹುದು, ಆರೋಪಿ ತಪ್ಪಿಸಿಕೊಳ್ಳಲಿಲ್ಲ ಅನ್ನೋದೂ ಸಮಾಧಾನ. ಆದ್ರೆ ಇದರ ಫಲ ನೋಡಿ: ಅಕ್ಕಪಕ್ಕ ಮಲಗಿದ್ದ ಇಬ್ಬರಲ್ಲಿ ಒಬ್ಬ ಸತ್ತರೆ 10 ವರ್ಷದವರೆಗಿನ ಅಪರಾಧ. ಇನ್ನೊಬ್ಬ ಸೊಂಟ ಮುರಿದುಕೊಂಡು ಬದುಕಿದರೆ 2 ವರ್ಷದ್ದು, ಅದೂ ಜಾಮೀನು ಸಿಗುವಂಥದ್ದು. ಚಾಲಕನ ತಲೆಯಲ್ಲಿದ್ದ ಅರಿವು ಒಬ್ಬನ ಪಾಲಿಗೆ ಒಂದು, ಇನ್ನೊಬ್ಬನ ಪಾಲಿಗೆ ಇನ್ನೊಂದಾ? 3 ವರ್ಷ ತೀರಾ ಕಡಿಮೆ ಅಂತ ಅದೇ ತೀರ್ಪು ಹೇಳಿತು, ಆದ್ರೆ ಹೆಚ್ಚಿಸಿ ಅಂತ ರಾಜ್ಯ ಸರ್ಕಾರ ಮೇಲ್ಮನವಿ ಹಾಕಿರಲಿಲ್ಲ. ಅಲ್ಲಿಗೆ ನಿಂತಿತು.

ನಿಜ ಹೇಳಬೇಕಂದ್ರೆ ದಾರಿ ಇತ್ತು. 308ನೇ ಕಲಂ, ನರಹತ್ಯೆಯ ಪ್ರಯತ್ನ. ಸತ್ತಿದ್ದರೆ ನರಹತ್ಯೆ ಆಗ್ತಿತ್ತು ಅನ್ನೋ ಸಂದರ್ಭದಲ್ಲಿ, ಅಂಥದ್ದೇ ಅರಿವಿನಿಂದ ಮಾಡಿದ ಕೃತ್ಯದಲ್ಲಿ ಗಾಯ ಆದರೆ 7 ವರ್ಷದವರೆಗೆ ಸಜೆ. ಸತ್ತವರ ವಿಷಯದಲ್ಲಿ 304 ಆದರೆ, ಉಳಿದವರ ವಿಷಯದಲ್ಲಿ 308 ಆಗಬೇಕು ಅಂತ ನನ್ನ ಸಾಮಾನ್ಯ ಬುದ್ಧಿಗೆ ಅನಿಸುತ್ತೆ. ಕುಡಿದವನಿಗೂ ಅರಿವಿತ್ತು ಅಂತ 86ನೇ ಕಲಂ ಹೇಗೂ ಹೇಳ್ತಿದೆ. ಕಾರ್ಟರ್ ರೋಡಿನ 8 ಜನಕ್ಕೆ ಆ ಕಲಂ ಸಿಗಲಿಲ್ಲ.

ಬೇರೆ ದೇಶದಲ್ಲಿ ಹೇಗೆ ಅಂತ ನೋಡಿದೆ. ಕೆನಡಾ 1985ರಲ್ಲೇ ಎರಡನ್ನೂ ಸೇರಿಸಿ ಒಂದು ಅಪರಾಧ ಮಾಡಿತು: ಅಮಲಿನಲ್ಲಿ ಓಡಿಸಿ ದೇಹಕ್ಕೆ ಹಾನಿ ಮಾಡೋದು, 10 ವರ್ಷದವರೆಗೆ. 2018ರ ಡಿಸೆಂಬರ್‌ನಲ್ಲಿ ಅದು 14 ಆಯಿತು. ಇಂಗ್ಲೆಂಡು ಮಾತ್ರ ನಮ್ಮ ಹಾಗೇ ಎಡವಿದೆ. ಅಲ್ಲಿ ಕುಡಿತವನ್ನ ಸೇರಿಸಿದ 1991ರ ಕಲಂ ಸಾವಿಗೆ ಮಾತ್ರ. ಅಪಾಯಕಾರಿ ಚಾಲನೆಯಿಂದ ತೀವ್ರ ಗಾಯ ಅನ್ನೋ ಅಪರಾಧ ಬಂದದ್ದೇ 2012ರಲ್ಲಿ. ಅಲ್ಲಿವರೆಗೂ ಕೈಗೆ ಸಿಗ್ತಿದ್ದದ್ದು 1861ರ, ಸಾರೋಟಿನ ಕಾಲದ ಕಲಂ. ಅದರ ಗರಿಷ್ಠ ಶಿಕ್ಷೆಯೂ 2 ವರ್ಷವೇ!

ನಮ್ಮಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು. 163 ವರ್ಷ ಕಾದ ಮೇಲೆ ಅಂತೂ ಸಂಖ್ಯೆಗಳನ್ನ ಮುಟ್ಟಿದರು. ನಿರ್ಲಕ್ಷ್ಯದ ಸಾವಿಗೆ 106ನೇ ಕಲಂ, 5 ವರ್ಷದವರೆಗೆ. ಗುದ್ದಿ, ಸಾಯಿಸಿ, ತಿಳಿಸದೆ ಓಡಿಹೋದವನಿಗೆ 10 ವರ್ಷ ಅಂತಲೂ ಬರೆದರು. 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ ಮೇಲೆ ಆ ಉಪಕಲಂ ಒಂದನ್ನ ಬಿಟ್ಟು ಉಳಿದದ್ದನ್ನ ಜಾರಿಗೆ ತಂದರು. ತೀವ್ರ ಗಾಯಕ್ಕೆ 125(ಬಿ): 3 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ದಿನ ಇದ್ದದ್ದು 15 ದಿನ ಆಯಿತು. 1870ರಿಂದ ಸಮ ಇದ್ದ ತಕ್ಕಡಿ ಈಗ 5 ಮತ್ತು 3. ಹತ್ತು ಸಾವಿರಕ್ಕೆ ಆ ತಿಂಗಳ ಬೆಲೆಯಲ್ಲಿ 2 ಗ್ರಾಂ ಚಿನ್ನವೂ ಬರುತ್ತಿರಲಿಲ್ಲ.

ಇನ್ನೂ ಬೇಜಾರಾಗೋದು 117ನೇ ಕಲಂ ಓದಿದಾಗ. ಬೇಕಂತಲೇ ಹೊಡೆದು ಒಬ್ಬನನ್ನ ಶಾಶ್ವತ ಅಂಗವಿಕಲನನ್ನಾಗಿಯೋ, ಮತ್ತೆ ಪ್ರಜ್ಞೆ ಬಾರದ ಸ್ಥಿತಿಗೋ ತಂದರೆ 10 ವರ್ಷಕ್ಕೆ ಕಡಿಮೆಯಿಲ್ಲದ ಸಜೆ ಅಂತ ಹೊಸದಾಗಿ ಸೇರಿಸಿದ್ದಾರೆ. ಅಂದ್ರೆ ಹಾಗೆ ಮಲಗಿಬಿಟ್ಟ ಮನುಷ್ಯನ ನೆನಪು ಕರಡು ಬರೆದವರಿಗೆ ಬಂದಿದೆ. 125 ಬರೆಯೋವಾಗ ಬಂದಿಲ್ಲ. ಕುಡಿತವೂ ನೆನಪಾಗಿಲ್ಲ, ಅದು ಈಗಲೂ ಮೋಟಾರು ವಾಹನ ಕಾಯ್ದೆಯ 185ರಲ್ಲೇ ಒಂಟಿಯಾಗಿ ಕೂತಿದೆ.

ಹಳೇ 279 ಈಗ 281 ಆಗಿದೆ. ದುಡುಕಿನ ಚಾಲನೆಗೆ 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ದಂಡ ಎಷ್ಟಿಟ್ಟಿದ್ದಾರೆ ಅಂತ ಅಣ್ಣ ಕೇಳಿದರು. ಸಾವಿರ ಅಂದೆ.