ಆ ದಿನ ಪೈರು ಎಷ್ಟೆತ್ತರವಿತ್ತು?

ಹೋದ ಮಳೆಗಾಲದಲ್ಲಿ ನಮ್ಮ ಹಾಸ್ಟೆಲ್ ಕೋಣೆಯ ಬಾಗಿಲಲ್ಲಿದ್ದ ತೆಂಗಿನ ನಾರಿನ ಕಾಲೊರಸು ಇದ್ದಕ್ಕಿದ್ದಂತೆ ಕಾಣೆಯಾಯಿತು. ಹುಡುಕಿದರೆ, ಅದು ನನ್ನ ಕೋಣೆಯ ಗೆಳೆಯನ ಮೇಜಿನ ಮೇಲೆ ತುಂಡುತುಂಡಾಗಿ ಕತ್ತರಿಸಿಕೊಂಡು ಬೆಳೆದು ನಿಂತ ಹೊಲವಾಗಿತ್ತು.

ಅವನಿಗೆ ಯುದ್ಧದಾಟದ ಹುಚ್ಚು. ಹೆಬ್ಬೆರಳಿಗಿಂತ ಚಿಕ್ಕ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಪಟ್ಟಿ ಹಿಡಿದು, ದಾಳ ಉರುಳಿಸಿ ಆಡುವ ಆಟವದು. ಆಡುವುದು ಒಂದು ಸಂಜೆ; ಅದಕ್ಕೆ ಬೇಕಾದ ನೆಲ ಮಾಡುವುದು ತಿಂಗಳುಗಟ್ಟಲೆ. ಪ್ರತಿ ಗೊಂಬೆಯ ಕಾಲಡಿಯ ಬಿಲ್ಲೆಗೆ ಫೆವಿಕಾಲ್ ಸವರಿ, ಚಹಾ ಸೋಸುವ ಜರಡಿಯಲ್ಲಿ ಹಿಡಿದ ಮರಳನ್ನು ಉದುರಿಸುತ್ತಾನೆ. ಒಣಗಿದ ಮೇಲೆ ಕಡುಕಂದು ಬಣ್ಣ ಬಳಿಯುತ್ತಾನೆ. ಆಮೇಲೆ ತಿಳಿಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಬಟ್ಟೆಗೆ ಒರೆಸಿ, ಹೆಚ್ಚುಕಡಿಮೆ ಒಣಗಿದ ಅದರ ತುದಿಯನ್ನು ಮೇಲೆ ಹಗುರಾಗಿ ಆಡಿಸುತ್ತಾನೆ. ಬಣ್ಣ ಮರಳಿನ ಉಬ್ಬುಗಳಿಗಷ್ಟೇ ಹತ್ತಿ, ತಗ್ಗುಗಳು ಕಪ್ಪಾಗೇ ಉಳಿದು, ಬಿಲ್ಲೆ ಥೇಟ್ ಮಣ್ಣಾಗುತ್ತದೆ. ಗುಡ್ಡಗಳು ಥರ್ಮೋಕೋಲಿನವು. ಕಾಲೊರಸಿನ ನಾರು ಬೆಳೆದು ನಿಂತ ಪೈರು.

ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನಗೆ ಇದೆಲ್ಲ ಮಕ್ಕಳಾಟದಂತೆ ಕಾಣುತ್ತಿತ್ತು. ಒಂದು ರಾತ್ರಿ ಅವನು ಕತ್ತರಿ ಹಿಡಿದುಕೊಂಡೇ ಕೇಳಿದ: “ಲೋ, ವಾಟರ್ಲೂ ಯುದ್ಧದ ದಿನ ಹೊಲದಲ್ಲಿ ಪೈರು ಎಷ್ಟೆತ್ತರ ಇತ್ತೋ? ನೀನು ಹಿಸ್ಟರಿಯವನಲ್ವಾ, ಹೇಳು.”

ನನಗೆ ಗೊತ್ತಿರಲಿಲ್ಲ. ಹುಡುಕಹೊರಟಾಗ, ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ಇನ್ನೂರು ವರ್ಷಗಳ ಹಿಂದೆ ಕೇಳಿದ್ದ ಒಬ್ಬ ಮನುಷ್ಯ ಸಿಕ್ಕ. ಹೆಸರು ವಿಲಿಯಂ ಸೈಬೋರ್ನ್, ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್.

ಮೇಜಿನ ಮೇಲೆ ಯುದ್ಧಕ್ಕೆ ನೆಲ ಮಾಡುವ ಗೀಳು ಅವನಿಂದ ಶುರುವಾದದ್ದಲ್ಲ. 1812ರಲ್ಲಿ ಪ್ರಷ್ಯಾದ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂಗೆ ರೈಸ್‌ವಿಟ್ಸ್ ಎಂಬ ಅಧಿಕಾರಿ ಒಂದು ಯುದ್ಧದಾಟದ ಮೇಜನ್ನು ಒಪ್ಪಿಸಿದ್ದ. ಬೆಟ್ಟ, ಹೊಳೆ, ದಾರಿಗಳನ್ನು ಮೂಡಿಸಿ ಬಣ್ಣ ಹಚ್ಚಿದ ಗಾರೆಯ ಬಿಲ್ಲೆಗಳು ಅದರಲ್ಲಿದ್ದವು. ಅವನ್ನು ಬೇಕಾದಂತೆ ಜೋಡಿಸಿ ಪ್ರತಿ ಸಲವೂ ಹೊಸ ನಾಡು ಕಟ್ಟಿಕೊಳ್ಳಬಹುದಿತ್ತು. ಇದು ಮುಂದಿನ ಯುದ್ಧಗಳಿಗೆ ತಾಲೀಮು. ನಡೆದುಹೋದ ಯುದ್ಧದ ನೆಲ ಹಾಗಲ್ಲ, ಅದನ್ನು ಬೇಕಾದಂತೆ ಜೋಡಿಸುವಂತಿಲ್ಲ. ಸೈಬೋರ್ನ್‌ನ ಕಷ್ಟ ಶುರುವಾದದ್ದು ಅಲ್ಲೇ.

1830ರಲ್ಲಿ ಅವನಿಗೆ ವಾಟರ್ಲೂ ಯುದ್ಧದ ಮಾದರಿ ಮಾಡುವ ಕೆಲಸ ಸಿಕ್ಕಿತು. ಯುದ್ಧಭೂಮಿಯ ನಡುವಿನ ಲಾ ಹೇ ಸೇಂಟ್ ಎಂಬ ತೋಟದಮನೆಯಲ್ಲಿ ಎಂಟು ತಿಂಗಳು ಉಳಿದು ಸುತ್ತಲಿನ ನೆಲವನ್ನು ಅಳೆದ. ಆದರೆ ಯುದ್ಧ ಕಂಡ ನೆಲ ಆಗಲೇ ಪೂರ್ತಿಯಾಗಿ ಉಳಿದಿರಲಿಲ್ಲ. ಆರೆಂಜ್ ರಾಜಕುಮಾರ ಗಾಯಗೊಂಡ ಜಾಗದಲ್ಲಿ ಸ್ಮಾರಕವೆಂದು 1820ರ ದಶಕದಲ್ಲಿ ಸಿಂಹದ ಪ್ರತಿಮೆ ಹೊತ್ತ ದೊಡ್ಡ ದಿಬ್ಬವೊಂದನ್ನು ಎಬ್ಬಿಸಿದ್ದರು. ಅದಕ್ಕೆ ಮಣ್ಣು ಕೆರೆದದ್ದು ವೆಲಿಂಗ್ಟನ್‌ನ ಸೈನ್ಯ ನಿಂತಿದ್ದ ಏರಿನಿಂದಲೇ. ಯುದ್ಧವನ್ನು ನೆನೆಯಲು ಹೋಗಿ ಅದು ನಡೆದ ನೆಲವನ್ನೇ ತೆಗೆದಿದ್ದರು.

ಇನ್ನು ಉಳಿದದ್ದು ಜನರ ನೆನಪು. ಅಂದು ಹೋರಾಡಿದ್ದ ಅಧಿಕಾರಿಗಳಿಗೆಲ್ಲ ಸೈಬೋರ್ನ್ ಪತ್ರ ಬರೆದ: ಸಂಜೆ ಏಳರ ಹೊತ್ತಿಗೆ, ನೆಪೋಲಿಯನ್ನನ ಗಾರ್ಡ್ ಪಡೆ ಏರಿ ಬಂದಾಗ, ನಿಮ್ಮ ತುಕಡಿ ಎಲ್ಲಿತ್ತು? ಎದುರಿಗೆ ಶತ್ರು ಎಲ್ಲಿದ್ದ? ನಿಮ್ಮ ಸುತ್ತಮುತ್ತ ಹೊಲದಲ್ಲಿ ಯಾವ ಬೆಳೆಯಿತ್ತು? ಸುಮಾರು ಏಳುನೂರು ಉತ್ತರಗಳು ಬಂದವು. ಬೆಳೆಯ ಪ್ರಶ್ನೆ ಅಲಂಕಾರಕ್ಕೆ ಕೇಳಿದ್ದಲ್ಲ. ಜೂನ್ ತಿಂಗಳ ರೈ ಪೈರು ಕೆಲವೆಡೆ ಆಳೆತ್ತರ ಮೀರಿರುತ್ತಿತ್ತು. ಅದರೊಳಗೆ ನಿಂತವನಿಗೆ ಹತ್ತು ಮಾರು ದೂರದ ಶತ್ರುವೂ ಕಾಣುತ್ತಿರಲಿಲ್ಲ. ಅದೇ ಪೈರು ಸಂಜೆಯ ಹೊತ್ತಿಗೆ ಸಾವಿರಾರು ಕಾಲುಗಳಡಿ ಚಾಪೆಯಾಗಿರುತ್ತಿತ್ತು. ಯಾರು ಏನನ್ನು ನೋಡಿರಬಹುದು ಎಂಬುದಕ್ಕೆ ಪೈರಿನ ಎತ್ತರವೂ ಸಾಕ್ಷಿ.

1838ರಲ್ಲಿ ಮಾದರಿ ಲಂಡನ್ನಿನ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನಕ್ಕೆ ಬಂತು. ಸುಮಾರು ನಾನೂರು ಚದರಡಿಯ ನೆಲ, ಅದರ ಮೇಲೆ ಒಂದೊಂದು ಸೆಂಟಿಮೀಟರಿನ ಎಪ್ಪತ್ತು ಸಾವಿರಕ್ಕೂ ಹೆಚ್ಚು ಲೋಹದ ಸೈನಿಕರು. ಅಗಲಕ್ಕೆ ಒಂದು ಅಳತೆ, ಎತ್ತರಕ್ಕೆ ಅದರ ಸುಮಾರು ಮೂರು ಪಟ್ಟು ಅಳತೆ. ನಿಜವಾದ ಪ್ರಮಾಣದಲ್ಲಿ ಮಾಡಿದರೆ ಏರುತಗ್ಗುಗಳು ಕಣ್ಣಿಗೇ ಬೀಳುವುದಿಲ್ಲ. ನನ್ನ ಗೆಳೆಯನೂ ಗುಡ್ಡಗಳಿಗೆ ಮಾಡುವುದು ಇದನ್ನೇ. ನಿಜ ಕಾಣಬೇಕಾದರೆ ಸ್ವಲ್ಪ ಸುಳ್ಳು ಬೇಕಾಗುತ್ತದೆ. ಆ ಸುಳ್ಳಿಗೆ ಯಾರೂ ತಕರಾರು ತೆಗೆಯಲಿಲ್ಲ.

ತಕರಾರು ಬಂದದ್ದು ಗೊಂಬೆಗಳ ಬಗ್ಗೆ. ತನಗೆ ಸಿಕ್ಕ ಸಾಕ್ಷ್ಯದಂತೆ ಸೈಬೋರ್ನ್, ಆ ನಿರ್ಣಾಯಕ ಗಳಿಗೆಯಲ್ಲಿ ಪ್ರಷ್ಯಾದ ಸೈನ್ಯ ಫ್ರೆಂಚರ ಪಕ್ಕೆಗೆ ಆಗಲೇ ನುಗ್ಗಿತ್ತೆಂದು ತೋರಿಸಿದ್ದ. ನೋಡಿದವರು ಗೆಲುವಿನಲ್ಲಿ ಪ್ರಷ್ಯನ್ನರಿಗೂ ದೊಡ್ಡ ಪಾಲು ಕೊಡಬೇಕಾಗುತ್ತಿತ್ತು. ವೆಲಿಂಗ್ಟನ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಸರ್ಕಾರ 1833ರಲ್ಲೇ ಹಣ ನಿಲ್ಲಿಸಿತ್ತು. ಸೈಬೋರ್ನ್ ಸಾಲ ಮಾಡಿ ಕೆಲಸ ಮುಗಿಸಿದ್ದ. ಕೊನೆಗೆ ಅವನು ಸಾವಿರಾರು ಪ್ರಷ್ಯನ್ ಸೈನಿಕರನ್ನು ಮಾದರಿಯಿಂದ ಕಿತ್ತು ತೆಗೆದ. ಒತ್ತಡಕ್ಕೆ ಮಣಿದನೋ, ಹೊಸ ಸಾಕ್ಷ್ಯಕ್ಕೆ ತಲೆಬಾಗಿದನೋ ಎಂದು ಇತಿಹಾಸಕಾರರು ಇವತ್ತಿಗೂ ಜಗಳವಾಡುತ್ತಾರೆ. ಸುಮಾರು ಒಂದು ಲಕ್ಷ ಜನ ಒಂದೊಂದು ಷಿಲಿಂಗ್ ಕೊಟ್ಟು ನೋಡಿದರೂ ಅವನು ಹಾಕಿದ ದುಡ್ಡು ಹುಟ್ಟಲಿಲ್ಲ. 1849ರಲ್ಲಿ ತೀರಿಕೊಂಡ. ಮಾದರಿ ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ.

ಇದನ್ನು ಓದುವಾಗ ನನಗೆ ಶ್ರೀರಂಗಪಟ್ಟಣದ ದರಿಯಾ ದೌಲತ್ ನೆನಪಾಯಿತು. ಕಾರಣವಿದೆ. ವೆಲಿಂಗ್ಟನ್ ಎಂದರೆ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅದೇ ಅರಮನೆಯಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಅಲ್ಲಿಯ ಗೋಡೆಯ ಮೇಲೆ 1780ರ ಪೊಳಲೂರು ಯುದ್ಧದ ಚಿತ್ರವಿದೆ: ಹೈದರ್ ಮತ್ತು ಟಿಪ್ಪುವಿನ ಕೈಯಲ್ಲಿ ಇಂಗ್ಲಿಷರು ಹೀನಾಯವಾಗಿ ಸೋತದ್ದು. ಹಾಳಾಗಿದ್ದ ಆ ಚಿತ್ರವನ್ನು ಸರಿಪಡಿಸಿದವನು ಇದೇ ವೆಲ್ಲೆಸ್ಲಿ. ಸೋತು ಸತ್ತ ಶತ್ರು ಬರೆಸಿದ ಚಿತ್ರವನ್ನು ಉಳಿಸಿದವನಿಗೆ, ಜೊತೆಗೆ ನಿಂತು ಗೆದ್ದ ಮಿತ್ರನ ಗೊಂಬೆಗಳನ್ನು ಸಹಿಸುವುದು ಕಷ್ಟವಾಯಿತು. ಸತ್ತ ಶತ್ರು ಗೆಲುವಿನಲ್ಲಿ ಪಾಲು ಕೇಳುವುದಿಲ್ಲ.

ನನ್ನ ಪ್ರಬಂಧದ ಅಧ್ಯಾಯಗಳಲ್ಲೂ ಇಂಥ ಜಾಗಗಳಿವೆ. ವಾದಕ್ಕೆ ಹೊಂದದ ಒಂದು ದಾಖಲೆಯನ್ನು ಅಡಿಟಿಪ್ಪಣಿಗೆ ತಳ್ಳುವುದು, ಇನ್ನೊಂದನ್ನು ‘ಇಲ್ಲಿ ಅಪ್ರಸ್ತುತ’ ಎಂದು ಬಿಡುವುದು. ಹಾಗೆ ಬಿಟ್ಟದ್ದರಲ್ಲಿ ಎರಡನ್ನು ಆ ವಾರವೇ ತಿರುಗಿ ಒಳಗೆ ಸೇರಿಸಿದೆ. ಅಧ್ಯಾಯದ ವಾದ ಸ್ವಲ್ಪ ಕುಂಟಿತು. ಕುಂಟಲಿ ಎಂದು ಬಿಟ್ಟೆ.

ಗೆಳೆಯನಿಗೆ ಇದೆಲ್ಲ ಹೇಳಿದೆ. “ಹಾಗಾದ್ರೆ ಪ್ರಷ್ಯನ್ನರನ್ನ ಇಡ್ಲೋ ಬೇಡ್ವೋ?” ಎಂದ. ರಾತ್ರಿಯೆಲ್ಲ ಚರ್ಚೆಯಾಗಿ, ಅನುಮಾನವಿರುವ ಜಾಗದಲ್ಲಿ ಗೊಂಬೆಯಿಲ್ಲದ ಬರೀ ಬಿಲ್ಲೆಗಳನ್ನು ಇಟ್ಟೆವು. ಮರಳು, ಬಣ್ಣ, ಒಂದಿಷ್ಟು ತುಳಿದ ಪೈರು, ಅಷ್ಟೇ. ಆಟಕ್ಕೆ ಬಂದವರೆಲ್ಲ ಮೊದಲು ಕೇಳಿದ್ದು, ಇಲ್ಲಿ ಯಾರಿದ್ದರು ಎಂದು.

ಹೊಸ ಕಾಲೊರಸು ಮಾತ್ರ ನಾನೇ ತರಬೇಕಾಯಿತು.