ಠಾಣೆಯ ಪುಸ್ತಕದಲ್ಲಿ ಹೊಟ್ಟೆನೋವು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿ ಜಿಲ್ಲೆಯ ಮೂರು ತಾಲ್ಲೂಕುಗಳು ಅತ್ತ ಸೇರಿದವು. ಆದವಾನಿ, ಆಲೂರು ಕರ್ನೂಲಿಗೆ ಹೋದರೆ ರಾಯದುರ್ಗ ಅನಂತಪುರದ ಪಾಲಾಯಿತು. ಸಿರಾ, ಮಧುಗಿರಿ, ಪಾವಗಡಗಳ ಮಗ್ಗುಲಲ್ಲೇ ಇದ್ದರೂ ಮಡಕಶಿರಾ ಮೊದಲೇ ಅನಂತಪುರದಲ್ಲಿತ್ತು. ಅಲ್ಲಿ ಹಲವರ ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು.

ಗಡಿಯ ಎರಡೂ ಬದಿಗೆ ಒಂದೇ ಆಗಿದ್ದದ್ದು 1860ರ ದಂಡಸಂಹಿತೆ. ಅದರ 309ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಿಗೆ ಒಂದು ವರ್ಷದವರೆಗೆ ಸಜೆ ವಿಧಿಸಬಹುದಿತ್ತು. ಹಾಗಾಗಿ ಆಸ್ಪತ್ರೆಯ ಮಂಚದ ಪಕ್ಕಕ್ಕೆ ಪೊಲೀಸರೂ ಬರುತ್ತಿದ್ದರು. ಮನೆಯವರು ‘ಆಕಸ್ಮಿಕ ಸಾರ್’ ಎನ್ನುವರು. ಇಲ್ಲವೇ ಕನ್ನಡ ಪತ್ರಿಕೆ ಓದುಗರಿಗೆಲ್ಲ ಬಾಯಿಪಾಠವಾದ ‘ಹೊಟ್ಟೆನೋವು ತಾಳಲಾರದೆ’. ಗಂಡನ ಕುಡಿತ, ಏಟು, ತಿಂಗಳುಗಟ್ಟಲೆ ಬಾರದ ನಿದ್ದೆ, ಯಾವುದೂ ಹೇಳಿಕೆಗೆ ಇಳಿಯುತ್ತಿರಲಿಲ್ಲ. ಕೇಸಿನ ಭಯ ಇದ್ದಲ್ಲಿ ಯಾರು ತಾನೇ ಬಾಯಿಬಿಟ್ಟಾರು?

ಆಮೇಲೆ ಅನಂತಪುರ ಸುದ್ದಿಯಾದದ್ದು ಬರದಿಂದ, ರೈತರ ಆತ್ಮಹತ್ಯೆಗಳಿಂದ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ, ಅದನ್ನೇ ನಂಬಿದ ಶೇಂಗಾ, ಬತ್ತಿದ ಬೋರ್‌ವೆಲ್, ಕೈಬಡ್ಡಿ ಸಾಲ. ಇವೆಲ್ಲ ನಿಜವೇ. ಆದರೆ ಸಾಲವೊಂದನ್ನೇ ಕಾರಣವೆಂದು ಬರೆದು ಮುಗಿಸಿದ್ದು ಅರ್ಧ ಕಥೆ. ಅದೇ ಸಾಲ ಹೊತ್ತ ನೆರೆಮನೆಯವರು ಬದುಕಿದ್ದಾರಲ್ಲ. ಬೆಂಗಳೂರಿನಲ್ಲಿ ನಡೆದ ಆತ್ಮಹತ್ಯೆಗಳ ಕುರಿತು ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಠಾತ್ ಆರ್ಥಿಕ ಕುಸಿತ, ನಿರುದ್ಯೋಗ, ದಾಂಪತ್ಯ ಕಲಹ, ಮನೆಯೊಳಗಿನ ಹಿಂಸೆ, ಮದ್ಯವ್ಯಸನ, ಮಾನಸಿಕ ಕಾಯಿಲೆ ಒಟ್ಟೊಟ್ಟಿಗೇ ಕಾಣಿಸಿಕೊಂಡವು. ಎಲ್ಲಕ್ಕಿಂತ ಬಲವಾದ ಮುನ್ಸೂಚನೆ, ಹಿಂದೊಮ್ಮೆ ಯತ್ನಿಸಿದ್ದು. ಎಂದರೆ, ಬದುಕುಳಿದು ಆಸ್ಪತ್ರೆ ಸೇರಿದವರಿಗೇ ಆರೈಕೆಯ ಅಗತ್ಯ ಹೆಚ್ಚು. ಕಾನೂನು ಅವರನ್ನೇ ಆರೋಪಿಗಳೆಂದು ನೋಡುತ್ತಿತ್ತು.

ಮದ್ದು ದೂರವೇನೂ ಇರಲಿಲ್ಲ. 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುಮಾಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಖಿನ್ನತೆ, ಚಿತ್ತವಿಕಲತೆ, ಮೂರ್ಛೆರೋಗ ಗುರುತಿಸುವ ತರಬೇತಿ ಕೊಟ್ಟು, ಅಲ್ಲೇ ಮಾತ್ರೆ ಸಿಗುವಂತೆ ಮಾಡಿತು. ‘ಎದೆ ಉರಿ, ಕೈಕಾಲಲ್ಲಿ ಬಲ ಇಲ್ಲ’ ಎಂದು ಬಂದವರಿಗೆ ಬರೀ ಟಾನಿಕ್ ಬರೆಯದೆ ‘ನಿದ್ದೆ ಹೇಗಿದೆ, ಬದುಕು ಬೇಡ ಅನ್ನಿಸುತ್ತಾ?’ ಎಂದು ಕೇಳಲು ಬೇಕಾದ ಪಾಠವದು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ತಳಹದಿ. ಬಳ್ಳಾರಿಯಿಂದ 50 ಕಿ.ಮೀ. ಆಸುಪಾಸಿನ ರಾಯದುರ್ಗ ಮಾತ್ರ 1985ರ ಆ ಪ್ರಯೋಗದ ಹೊರಗೆ; ಅದಕ್ಕೂ 32 ವರ್ಷದ ಹಿಂದೆ ಎಳೆದ ಗೆರೆ ಇಲ್ಲೂ ಅಡ್ಡಬಂದಿತ್ತು.

ಕಾನೂನು ಬದಲಾಗಲು ಇನ್ನೂ ತಡವಾಯಿತು. 1994ರಲ್ಲಿ ಸುಪ್ರೀಂ ಕೋರ್ಟ್ 309ನೇ ಕಲಮನ್ನು ರದ್ದುಪಡಿಸಿತು, 1996ರಲ್ಲಿ ತಾನೇ ಮತ್ತೆ ಎತ್ತಿಹಿಡಿಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂದ ಮೇಲೆ, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಸರ್ಕಾರ ಅವರಿಗೆ ಆರೈಕೆ ಒದಗಿಸಬೇಕಾಯಿತು. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ.

ಈ ನಡುವೆ 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಟೆಲಿ ಮಾನಸ್’ ಮಾನಸಿಕ ಆರೋಗ್ಯ ಸಹಾಯವಾಣಿ ಬಂತು. ಸಂಖ್ಯೆ 14416, ಹಗಲೂ ರಾತ್ರಿಯೂ ಉಚಿತ. ಕನ್ನಡದಲ್ಲೂ ಮಾತಾಡಬಹುದು, ತೆಲುಗಿನಲ್ಲೂ.